ಹಿತ್ತಿಲ ಮನೆಯೂ ನೆಲದ ವೃತ್ತಾಂತವೂ

ಕ್ಯಾಲಿಫೋರ್ನಿಯದ ಸಾಂತಾ ಕ್ಲಾರಾ ಕಣಿವೆಯಲ್ಲಿ ನೆಲೆನಿಂತ ನಮ್ಮವರಲ್ಲಿ, ಊರಿನಿಂದ ಬಂದು ಕೆಲವು ತಿಂಗಳು ಇದ್ದು ಹೋಗುವ ವೃದ್ಧ ತಂದೆತಾಯಿಗಳಿಗೆಂದೋ ಬಾಡಿಗೆಯ ವರಮಾನಕ್ಕೆಂದೋ ಹಿತ್ತಿಲಿನಲ್ಲಿ ಇನ್ನೊಂದು ಚಿಕ್ಕ ಮನೆಯನ್ನು ಕಟ್ಟಿಕೊಳ್ಳಬೇಕೆಂಬ ಅಪೇಕ್ಷೆಯುಳ್ಳವರಿಗೆ, ಅಲ್ಲಿನ ಶಾಸನವು ಈಗ ಬಹಳ ಅನುಕೂಲವಾಗಿ ನಿಂತಿದೆ. 2017ರಿಂದ ಮೊದಲ್ಗೊಂಡು, ವಿಶೇಷವಾಗಿ 2020ರಲ್ಲಿ ಜಾರಿಗೆ ಬಂದ ಕಾನೂನುಗಳ ಪ್ರಕಾರ, ಪಕ್ಕದ ಮತ್ತು ಹಿಂದಿನ ಎಲ್ಲೆಗಳಿಂದ 4 ಅಡಿ ತೆರವು ಬಿಟ್ಟು, 16 ಅಡಿ ಎತ್ತರವನ್ನು ಮೀರದಂತೆ 800 ಚದರಡಿಯ ಮನೆಯೊಂದನ್ನು ಕಟ್ಟುವೆನೆಂದು ಬಂದವನನ್ನು, ನಿವೇಶನ ಕಿರಿದೆಂಬ ಕಾರಣಕ್ಕಾಗಿ ನಗರಾಡಳಿತವು ಹಿಂದಿರುಗಿಸುವಂತಿಲ್ಲ. ಪೂರ್ಣವಾದ ಅರ್ಜಿಯನ್ನು 60 ದಿನಗಳೊಳಗೆ ಇತ್ಯರ್ಥಪಡಿಸತಕ್ಕದ್ದು. ಶಾಸನವು ಹೀಗೆ ಉದಾರವಾಗಿರುವುದರಿಂದ ನೆಲವೂ ಅಷ್ಟೇ ಉದಾರವಾಗಿರುವುದೆಂದು ನಂಬಿ, ಮೊದಲು ನಕ್ಷೆ ಬರೆಯಿಸಿ ಆಮೇಲೆ ನಿವೇಶನವನ್ನು ಪರಿಶೀಲಿಸಲು ಹೊರಡುವ ಪದ್ಧತಿಯಿದೆಯಲ್ಲ, ಅದು ತಿರುಗುಮುರುಗಾಗಬೇಕೆಂಬುದೇ ನನ್ನ ವಿಜ್ಞಾಪನೆ.

ಮೊಟ್ಟಮೊದಲು ನೋಡಬೇಕಾದುದು ಕಾಗದಪತ್ರವನ್ನು. ಮನೆಯನ್ನು ಕೊಳ್ಳುವಾಗ ಟೈಟಲ್ ಕಂಪನಿಯವರು ಕೊಟ್ಟ ಪ್ರಾಥಮಿಕ ವರದಿಯಲ್ಲಿ, ಹಿತ್ತಿಲಿನ ತುದಿಯ ಐದೋ ಹತ್ತೋ ಅಡಿ ಅಗಲದ ಪಟ್ಟಿಯು ವಿದ್ಯುತ್ ತಂತಿಗಳಿಗೋ ಒಳಚರಂಡಿಗೋ ಮೀಸಲಾದ ಈಸ್‌ಮೆಂಟ್ ಎಂದು ದಾಖಲಾಗಿದ್ದರೆ, 4 ಅಡಿಯ ರಿಯಾಯಿತಿಯು ಅಲ್ಲಿ ಸಲ್ಲದು. ಏಕೆಂದರೆ ಅನ್ಯರಿಗೆ ಆ ಪಟ್ಟಿಯ ಮೇಲಿರುವ ಹಕ್ಕು ನಗರದ ಕಟ್ಟಡ ನಿಯಮವಲ್ಲ, ಭೂಮಿಗೇ ಅಂಟಿಬಂದ ಋಣ. ಬಡಾವಣೆಯ ಸಂಘದ ನಿಬಂಧನೆಗಳು ಎರಡನೆಯ ಮನೆಯನ್ನೇ ನಿಷೇಧಿಸಿದ್ದ ಪಕ್ಷದಲ್ಲಿ ಆ ನಿಷೇಧವು ಈಗ ಊರ್ಜಿತವಲ್ಲ; ಈಸ್‌ಮೆಂಟಾದರೋ ಊರ್ಜಿತವೇ. ಇನ್ನು ಬೇಲಿಯನ್ನೇ ಎಲ್ಲೆಯೆಂದು ತಿಳಿಯುವುದು ಅಪಾಯಕರ. ಕೌಂಟಿಯ ಕಂದಾಯ ನಕ್ಷೆಯೂ ತೆರಿಗೆಗೆಂದು ಬರೆದದ್ದೇ ಹೊರತು ಗಡಿಯನ್ನು ಸ್ಥಾಪಿಸಲೆಂದಲ್ಲವಾದ್ದರಿಂದ, ಒಂದೊಂದು ಅಡಿಯೂ ಮುಖ್ಯವಾಗಿರುವ ಕಡೆ ಪರವಾನಗಿಯುಳ್ಳ ಸರ್ವೇಯರನಿಂದ ಅಳತೆ ಮಾಡಿಸಲೇಬೇಕು.

ಆದರೆ ಹೆಚ್ಚು ಹಣವನ್ನು ನುಂಗಬಲ್ಲ ಸಂಗತಿಯೊಂದು ಮಣ್ಣಿನೊಳಗೆ, ಯಾರ ಕಣ್ಣಿಗೂ ಬೀಳದೆ ಇರುತ್ತದೆ. ಮಲಿನಜಲದ ಕೊಳವೆಯು ಒಂದು ಅಡಿ ಉದ್ದಕ್ಕೆ ಕಾಲು ಅಂಗುಲದಂತೆ ಇಳಿಯಬೇಕೆಂಬುದು ಸಾಮಾನ್ಯ ನಿಯಮ. ಹಳೆಯ ಮನೆಯ ಕೊಳವೆಯನ್ನು ಕೂಡಿಕೊಳ್ಳುವ ಸ್ಥಳಕ್ಕೂ ಹೊಸ ಮನೆಯ ಬಚ್ಚಲಿಗೂ 60 ಅಡಿ ದೂರವಿದ್ದರೆ, ಅಷ್ಟರೊಳಗೆ 15 ಅಂಗುಲ ಇಳಿಜಾರು ದೊರೆಯಬೇಕು. ಹಿತ್ತಿಲು ಬೀದಿಗಿಂತ ತಗ್ಗಾಗಿದ್ದು ಹಳೆಯ ಕೊಳವೆಯು ಮೇಲುಮೇಲಾಗಿಯೇ ಹಾದುಹೋಗಿದ್ದರೆ ಅದು ದೊರೆಯುವುದಿಲ್ಲ. ಆಗ ಹೊಂಡ ತೋಡಿ, ಕರೆಂಟು ಹೋದೊಡನೆ ನಿಂತುಹೋಗುವ ಪಂಪನ್ನು ಆಶ್ರಯಿಸಬೇಕಾಗುತ್ತದೆ. ಕೊಳವೆಯೊಳಗೆ ಕ್ಯಾಮೆರಾ ಇಳಿಸಿ ಅದರ ಆಳವನ್ನೂ, ಬೇರುಗಳು ಹೊಕ್ಕಿವೆಯೇ ಎಂಬುದನ್ನೂ ನಕ್ಷೆಗೆ ಮುಂಚೆಯೇ ತಿಳಿದುಕೊಂಡರೆ, ಮನೆಯನ್ನು ಹತ್ತು ಅಡಿ ಈಚೆಗೆ ಸರಿಸುವುದರಿಂದಲೇ ತೊಡಕು ಬಗೆಹರಿದೀತು. ಅಗೆಯುವ ಮುನ್ನ 811 ಎಂಬ ದೂರವಾಣಿ ಸಂಖ್ಯೆಗೆ ತಿಳಿಸಿದರೆ ವಿದ್ಯುತ್ತಿಗೆ ಕೆಂಪು, ಅನಿಲಕ್ಕೆ ಹಳದಿ, ನೀರಿಗೆ ನೀಲಿ ಬಣ್ಣದಿಂದ ನೆಲದ ಮೇಲೆ ಗುರುತು ಹಾಕುತ್ತಾರೆ, ಅದಕ್ಕೆ ಶುಲ್ಕವಿಲ್ಲ. ಆದರೆ ಮೀಟರಿನಿಂದೀಚೆಗೆ ಮಾಲೀಕನೇ ಹಾಕಿಸಿಕೊಂಡ ಕೊಳವೆ ತಂತಿಗಳಿಗೆ ಆ ಗುರುತು ಬೀಳದು.

ವಿದ್ಯುತ್ ಫಲಕವು ಹಳೆಯ 100 ಆಂಪಿಯರಿನದೇ, ಮಣ್ಣು ನೀರು ಕುಡಿದು ಉಬ್ಬುವ ಜೇಡಿಯೇ, ಹಿತ್ತಿಲಿನ ಓಕ್ ಮರ ಸಂರಕ್ಷಿತವೇ ಎಂಬುವನ್ನೂ ವಿಚಾರಿಸಬೇಕು. ಹೇವರ್ಡ್ ಸ್ತರಭಂಗವು ಹಾದುಹೋಗುವ ಫ್ರೀಮಾಂಟಿನಂಥ ಊರಿನಲ್ಲಿ, 1972ರ ಶಾಸನದಂತೆ ರಾಜ್ಯವು ಪ್ರಕಟಿಸಿರುವ ಭೂಕಂಪವಲಯದ ನಕ್ಷೆಯನ್ನು ನೋಡದೆ ಮುಂದುವರಿಯಲಾಗದು.

ಕೊನೆಯದಾಗಿ, ನಗರ ಕಚೇರಿಯಲ್ಲಿ ಆ ವಿಳಾಸದ ಹಳೆಯ ಪರವಾನಗಿಗಳ ಕಡತವನ್ನು ತೆಗೆಸಿ ನೋಡುವುದು ಯುಕ್ತ. ಹಿಂದಿನ ಮಾಲೀಕನು ಗ್ಯಾರೇಜನ್ನೇ ಮನೆಯಾಗಿ ಮಾರ್ಪಡಿಸಿ ಅನುಮತಿಯನ್ನೇ ಪಡೆಯದಿದ್ದ ಸಂಗತಿ ಅಲ್ಲಿ ಬಯಲಾದೀತು. ಹಾಗಾದರೂ ಎದೆಗುಂದಬೇಕಾದುದಿಲ್ಲ, 2020ಕ್ಕಿಂತ ಹಿಂದೆ ಕಟ್ಟಿದ ಅಂಥ ಮನೆಗಳನ್ನು ಸಕ್ರಮಗೊಳಿಸುವ ದಾರಿಯನ್ನು 2025ರಲ್ಲಿ ಜಾರಿಗೆ ಬಂದ ಕಾನೂನು ಸುಗಮಗೊಳಿಸಿದೆ.