ಹೆಡ್‌ಲೈಟಿಗೂ ಎಡ-ಬಲ ಉಂಟು

ಹಂಪಿ ನೋಡಲು ಯುರೋಪಿನಿಂದ ರಸ್ತೆಯಲ್ಲೇ ಗಾಡಿ ಓಡಿಸಿಕೊಂಡು ಬರುವವರಿದ್ದಾರೆ. ವ್ಯಾನಿನೊಳಗೇ ಒಲೆ, ಹಾಸಿಗೆ, ನೀರಿನ ಟ್ಯಾಂಕು. ಸ್ಟಿಯರಿಂಗ್ ಎಡಗಡೆ, ನಂಬರ್ ಪ್ಲೇಟು ಅವರ ದೇಶದ್ದು. ಅವರು ತಿಂಗಳುಗಟ್ಟಲೆ ನಮ್ಮ ನಾಡಿನಲ್ಲಿ ಸುತ್ತಾಡಬಹುದು. ಆದರೆ ಅಂಥದೇ ವ್ಯಾನನ್ನು ಸಂತೆಕಲ್ಲೂರಿನ ಒಬ್ಬರು ವಿದೇಶದಿಂದ ತರಿಸಿ ತಮ್ಮ ಹೆಸರಿಗೆ ನೋಂದಣಿ ಮಾಡಿಸಲು ಹೋದರೆ ಆಗುವುದಿಲ್ಲ. ಇದನ್ನು ಸರ್ಕಾರಿ ಕಿರಿಕಿರಿ ಎಂದು ಬೈಯುವವರೇ ಹೆಚ್ಚು. ನಿಯಮದ ಹಿಂದಿನ ವಿಜ್ಞಾನ ತಿಳಿದರೆ ಬೈಗುಳ ಕಡಿಮೆಯಾದೀತು.

ಹೆಡ್‌ಲೈಟಿನಿಂದಲೇ ಶುರುಮಾಡೋಣ. ಬಹಳ ಗಾಡಿಗಳಲ್ಲಿರುವ ಎಚ್4 ಬಲ್ಬನ್ನು ಕೈಯಲ್ಲಿ ಹಿಡಿದು ನೋಡಿ. ಗಾಜಿನೊಳಗೆ ಎರಡು ತಂತಿ ಸುರುಳಿಗಳಿವೆ: ಒಂದು ಬ್ರೈಟಿಗೆ, ಇನ್ನೊಂದು ಡಿಮ್ಮಿಗೆ. ಡಿಮ್ಮಿನ ಸುರುಳಿಯ ಕೆಳಗೆ ಉಗುರಿಗಿಂತ ಚಿಕ್ಕದಾದ ಲೋಹದ ಬಟ್ಟಲಿದೆ. ಆ ಸುರುಳಿಯ ಬೆಳಕು ಹಿಂದಿನ ಪ್ರತಿಫಲಕದ ಕೆಳಭಾಗಕ್ಕೆ ಬಿದ್ದರೆ ಮೇಲಕ್ಕೆ ಚಿಮ್ಮಿ ಎದುರಿನವರ ಕಣ್ಣಿಗೆ ಹೊಡೆಯುತ್ತದೆ. ಬಟ್ಟಲು ಅದನ್ನು ತಡೆಯುತ್ತದೆ. ಇಷ್ಟೇ ಆಗಿದ್ದರೆ ಬೆಳಕಿನ ಮೇಲಂಚು ಗೆರೆ ಎಳೆದಂತೆ ನೇರವಾಗಿರುತ್ತಿತ್ತು. ಆದರೆ ಬಟ್ಟಲಿನ ಒಂದು ಅಂಚನ್ನು ಸುಮಾರು 15 ಡಿಗ್ರಿಯಷ್ಟು ಓರೆ ಮಾಡಿರುತ್ತಾರೆ. ಹಾಗಾಗಿ ಬೆಳಕಿನ ಒಂದು ಬದಿ ತುಸು ಮೇಲೇರುತ್ತದೆ. ಎಡಬದಿಯ ಸಂಚಾರವಿರುವ ನಮ್ಮಲ್ಲಿ ಅದು ಎಡಕ್ಕೆ ಏರಬೇಕು. ರಸ್ತೆ ಅಂಚಿನಲ್ಲಿ ನಡೆದು ಹೋಗುವವರು, ಎತ್ತಿನ ಬಂಡಿ, ಕೆಟ್ಟು ನಿಂತ ಲಾರಿ ದೂರದಿಂದಲೇ ಕಾಣುವುದು ಆ ಓರೆಯಿಂದ.

ಬಲಬದಿಯಲ್ಲಿ ಓಡಾಡುವ ಜರ್ಮನಿ, ಫ್ರಾನ್ಸಿನ ಗಾಡಿಗಳಲ್ಲಿ ಇದು ತಿರುವುಮುರುವು. ಬೆಳಕು ಬಲಕ್ಕೆ ಏರುತ್ತದೆ. ಆ ಗಾಡಿ ಸಿಂಧನೂರು–ಮಸ್ಕಿ ಹೆದ್ದಾರಿಯಲ್ಲಿ ರಾತ್ರಿ ಡಿಮ್ ಹಾಕಿಕೊಂಡೇ ಬಂದರೂ ಏರಿದ ಬೆಳಕು ಎದುರು ಬರುವ ಬೈಕ್ ಸವಾರನ ಕಣ್ಣಿಗೇ ಬೀಳುತ್ತದೆ. ಗಾಡಿಯ ಎಡಬದಿಯಲ್ಲಿ ನಡೆಯುತ್ತಿರುವವರು ಮಾತ್ರ ಕತ್ತಲಲ್ಲೇ ಉಳಿಯುತ್ತಾರೆ. ತಿಳಿವಳಿಕೆಯುಳ್ಳ ಪ್ರವಾಸಿಗರು ಹೆಡ್‌ಲೈಟಿನ ಗಾಜಿನ ಮೇಲೆ ಪಟ್ಟಿ ಅಂಟಿಸಿ ಆ ಬೆಳಕನ್ನು ಮುಚ್ಚಿಕೊಳ್ಳುತ್ತಾರೆ.

ಸ್ಟಿಯರಿಂಗಿನದು ಇನ್ನೊಂದು ತೊಡಕು. ಎಡಗಡೆ ಕೂತ ಚಾಲಕನಿಗೆ ಮುಂದಿನ ಲಾರಿಯನ್ನು ಹಿಂದಿಕ್ಕುವಾಗ ಎದುರು ಬರುವುದು ಕಾಣಬೇಕೆಂದರೆ ಗಾಡಿಯ ಬಹುಭಾಗ ಆಗಲೇ ಬಲಕ್ಕೆ ಬಂದಿರಬೇಕು. ಎಡ ಸ್ಟಿಯರಿಂಗಿನ ಗಾಡಿಯಲ್ಲಿ ಸೂಚನೆ ಕೊಡುವ ನಿಗದಿತ ಸಾಧನ ಇರಲೇಬೇಕೆಂದು 1988ರ ಮೋಟಾರು ವಾಹನ ಕಾಯ್ದೆಯ 120ನೇ ಕಲಮು ಹೇಳುವುದು ಸುಮ್ಮನೆ ಅಲ್ಲ.

ಮೂರನೆಯದು ಡಿಕ್ಕಿ ಪರೀಕ್ಷೆ. ನಮ್ಮ ನಿಯಮದ ಪ್ರಕಾರ ಹೊಸ ಮಾದರಿಯ ಕಾರನ್ನು ಗಂಟೆಗೆ 56 ಕಿಲೋಮೀಟರ್ ವೇಗದಲ್ಲಿ, ಮುಂಭಾಗದ ಶೇ 40ರಷ್ಟು ಮಾತ್ರ ತಾಗುವಂತೆ, ನುಜ್ಜಾಗುವ ಅಲ್ಯೂಮಿನಿಯಂ ತಡೆಗೆ ಗುದ್ದಿಸುತ್ತಾರೆ. ಪುಣೆಯ ಎಆರ್‌ಎಐನಂಥ ಸಂಸ್ಥೆಗಳಲ್ಲಿ ಈ ಕೆಲಸ ನಡೆಯುತ್ತದೆ. ಪರೀಕ್ಷೆ ಮುಗಿದ ಮೇಲೆ ಕಾರು ಗುಜರಿಗೇ. ಲಕ್ಷಗಟ್ಟಲೆ ಕಾರು ಮಾಡುವ ಕಂಪನಿಗೆ ಇದು ಸಣ್ಣ ಖರ್ಚು. ಜಗತ್ತಿನಲ್ಲೇ ಬೆರಳೆಣಿಕೆಯಷ್ಟಿರುವ ಕಾರಿಗೆ ಸುರಕ್ಷತೆಯನ್ನು ಸಾಬೀತು ಮಾಡುವುದೆಂದರೆ ಕಾರನ್ನೇ ಕಳೆದುಕೊಳ್ಳುವುದು.

ಅಮೆರಿಕದಲ್ಲಿ ಪೋರ್ಷೆ 959ಕ್ಕೆ ಬಂದ ಸಂಕಟ ಇದೇ. 1980ರ ದಶಕದ ಈ ಕಾರು ತಯಾರಾದದ್ದೇ ಕೆಲವು ನೂರು. ಗುದ್ದಿಸಲು ಕಂಪನಿ ಕಾರು ಕೊಡಲಿಲ್ಲ. ಮೈಕ್ರೋಸಾಫ್ಟಿನ ಬಿಲ್ ಗೇಟ್ಸ್ ತರಿಸಿಕೊಂಡ 959 ಕೂಡ ವರ್ಷಗಟ್ಟಲೆ ಕಸ್ಟಮ್ಸ್ ವಶದಲ್ಲಿ ಕೂತಿತ್ತು. ಕೊನೆಗೆ ತಾಂತ್ರಿಕ ಅಥವಾ ಐತಿಹಾಸಿಕ ಮಹತ್ವದ ಅಪರೂಪದ ಕಾರುಗಳಿಗೆ ಅಲ್ಲಿನ ಕಾನೂನು ಒಂದು ಬಾಗಿಲು ತೆರೆಯಿತು: ವರ್ಷಕ್ಕೆ 2,500 ಮೈಲಿ, ಅಂದರೆ ಸುಮಾರು 4,000 ಕಿಲೋಮೀಟರ್ ಮೀರದಂತೆ ಓಡಿಸಬಹುದು. 25 ವರ್ಷ ದಾಟಿದ ಕಾರಿಗೆ ಅಲ್ಲಿ ಆ ಸುರಕ್ಷತಾ ನಿಯಮಗಳೇ ಅನ್ವಯಿಸುವುದಿಲ್ಲ.

ನಮ್ಮಲ್ಲೂ ಬಾಗಿಲುಗಳಿವೆ. 2018ರಿಂದ, ವಿದೇಶದ ಮಾನ್ಯ ಪರೀಕ್ಷೆ ಪಾಸಾದ ಹೊಸ ಕಾರುಗಳನ್ನು ತಯಾರಕರೋ ಅವರ ಪ್ರತಿನಿಧಿಗಳೋ ವರ್ಷಕ್ಕೆ 2,500ರವರೆಗೆ ಇಲ್ಲಿ ಮತ್ತೆ ಪರೀಕ್ಷೆ ಮಾಡಿಸದೆ ತರಬಹುದು. ಹಳೆಯ ಕಾರಾದರೆ ಮೂರು ವರ್ಷ ಮೀರಿರಬಾರದು. ಈ ಎರಡಕ್ಕೂ ಆಮದು ನೀತಿ ಹಾಕಿರುವ ಷರತ್ತು ಗಮನಿಸಿ: ಸ್ಟಿಯರಿಂಗ್ ಬಲಕ್ಕಿರಬೇಕು, ವೇಗ ಕಿಲೋಮೀಟರಿನಲ್ಲಿ ತೋರಿಸಬೇಕು, ಹೆಡ್‌ಲೈಟಿನ ಬೆಳಕು ಎಡಬದಿಯ ಸಂಚಾರಕ್ಕೆ ಹೊಂದಬೇಕು. ಬಲ್ಬಿನೊಳಗಿನ ಆ ಓರೆ ಅಂಚಿಗೆ ದೇಶದ ಆಮದು ನೀತಿಯಲ್ಲೇ ಜಾಗ ಸಿಕ್ಕಿದೆ.

50 ವರ್ಷ ದಾಟಿದ ವಿಂಟೇಜ್ ಗಾಡಿಗಳಿಗೆ 2021ರ ತಿದ್ದುಪಡಿ ಪ್ರತ್ಯೇಕ ನೋಂದಣಿ ಕೊಟ್ಟಿತು. ನಂಬರಿನಲ್ಲಿ ‘ವಿಎ’ ಅಕ್ಷರಗಳು, ಹೊಸ ನೋಂದಣಿಗೆ 20,000 ರೂಪಾಯಿ ಶುಲ್ಕ, ಹತ್ತು ವರ್ಷದ ಅವಧಿ. ಆಮದಾದ ಗಾಡಿಗೂ ಕಸ್ಟಮ್ಸ್ ದಾಖಲೆ ಇದ್ದರೆ ಇದು ಸಿಗುತ್ತದೆ. ಆದರೆ ಪ್ರದರ್ಶನ, ರ‍್ಯಾಲಿ, ಸಂಶೋಧನೆ, ಇಂಧನ ತುಂಬಿಸುವುದು, ರಿಪೇರಿ ಇಷ್ಟಕ್ಕೆ ಮಾತ್ರ ರಸ್ತೆಗಿಳಿಸಬಹುದು, ದಿನನಿತ್ಯದ ಓಡಾಟಕ್ಕಿಲ್ಲ. ಇಂಥ ಹಳೆಯ ಗಾಡಿಗಳನ್ನು ಕಣ್ತುಂಬ ನೋಡಬೇಕೆಂದರೆ ಧರ್ಮಸ್ಥಳದ ಮಂಜೂಷಾ ಸಂಗ್ರಹಾಲಯವಿದೆ, ಶ್ರೀರಂಗಪಟ್ಟಣದ ಬಳಿ ‘ಪಯಣ’ ಇದೆ. ಇನ್ನು ಹಂಪಿಯ ಪ್ರವಾಸಿಯ ಕೈಯಲ್ಲಿರುವುದು ಕಾರ್ನೆ ಎಂಬ ಕಸ್ಟಮ್ಸ್ ಪುಸ್ತಕ. ಗಾಡಿಯನ್ನು ವಾಪಸು ಒಯ್ಯುತ್ತೇನೆಂಬುದಕ್ಕೆ ಅದು ಖಾತರಿ. ಸುಂಕವಿಲ್ಲ, ಆರು ತಿಂಗಳ ಗಡುವು.

ಈ ವಿನಾಯಿತಿಗಳನ್ನೆಲ್ಲ ಒಟ್ಟಿಗೆ ಇಟ್ಟು ನೋಡಿದರೆ ಅಳತೆಗೋಲು ಒಂದೇ: ಗಾಡಿ ನಮ್ಮ ರಸ್ತೆಯಲ್ಲಿ ಎಷ್ಟು ಓಡುತ್ತದೋ ಅಷ್ಟು ಬಿಗಿ ನಿಯಮ. ಇದು ನ್ಯಾಯವಾದ ಲೆಕ್ಕ. ಹಾಗಾದರೆ ವರ್ಷವಿಡೀ ಓಡುವ ನಮ್ಮ ಗಾಡಿಗಳೇ ಎಲ್ಲಕ್ಕಿಂತ ಬಿಗಿಯಾಗಿ ನಿಯಮ ಪಾಲಿಸಬೇಕಲ್ಲವೇ? ಭತ್ತದ ಸುಗ್ಗಿಯಲ್ಲಿ ಹಿಂದೆ ದೀಪವಿಲ್ಲದ ಟ್ರಾಲಿ, ಹೊಲದ ಕೆಲಸಕ್ಕೆ ಕಟ್ಟಿದ ಲೈಟನ್ನು ಹೆದ್ದಾರಿಯಲ್ಲೂ ಆರಿಸದ ಟ್ರ್ಯಾಕ್ಟರ್, ಕಂಪನಿಯ ಬಲ್ಬು ಕಿತ್ತು ಕಣ್ಣು ಕುಕ್ಕುವ ಎಲ್‌ಇಡಿ ಹಾಕಿಸಿದ ಬೈಕು, ಇವು ಯಾವ ವಿದೇಶಿ ಕಾರಿಗಿಂತಲೂ ನಮಗೆ ಹತ್ತಿರದ ಅಪಾಯ. ಈ ಸುಗ್ಗಿಗೆ ಮುಂಚೆ ಟ್ರಾಲಿಯ ಹಿಂದೆ ಕೆಂಪು ರೇಡಿಯಂ ಪಟ್ಟಿ ಅಂಟಿಸಿ, ಹೆಡ್‌ಲೈಟಿನ ಮಟ್ಟ ಸರಿಪಡಿಸಿಕೊಳ್ಳಿ, ಎದುರು ಗಾಡಿ ಕಂಡ ಕೂಡಲೇ ಡಿಮ್ ಮಾಡಿ.