ಫೈಲ್ ಬಂತು, ಮುಂದೆ?

ವಿಜಯನಗರ ಜಿಲ್ಲೆಯ ಆರು ತಾಲ್ಲೂಕುಗಳಲ್ಲಿ ಹೊಸಪೇಟೆಯನ್ನು ಬಿಟ್ಟರೆ ಉಳಿಯುವುದು ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ ಮತ್ತು ಹರಪನಹಳ್ಳಿ. ಈ ಕಡೆಯ ಊರುಗಳಲ್ಲಿ ತಾಲ್ಲೂಕು ಕಚೇರಿ ಇದ್ದಲ್ಲಿ ಜೆರಾಕ್ಸ್ ಅಂಗಡಿ, ಆನ್‌ಲೈನ್ ಸೆಂಟರ್ ಇದ್ದೇ ಇರುತ್ತವೆ. ಜಾತಿ-ಆದಾಯ ಪ್ರಮಾಣಪತ್ರದಿಂದ ಹಿಡಿದು ವಿದ್ಯಾರ್ಥಿವೇತನ, ಬ್ಯಾಂಕ್ ಪರೀಕ್ಷೆವರೆಗೆ ಅರ್ಜಿಗಳೆಲ್ಲ ಆನ್‌ಲೈನ್ ಆದ ಮೇಲೆ ಹಳ್ಳಿಯಿಂದ ಬಂದ ಎಷ್ಟೋ ಮಂದಿಯ ಪಾಲಿಗೆ ಕಂಪ್ಯೂಟರ್ ಎಂದರೆ ಈ ಅಂಗಡಿಯ ಕಂಪ್ಯೂಟರೇ. ದಾಖಲೆ ಇರುವುದು ಕೈಯಲ್ಲಿನ ಫೋನಿನಲ್ಲಿ. ಬೇಕಾಗಿರುವುದು ಮೇಜಿನ ಮೇಲಿನ ಕಂಪ್ಯೂಟರಿನಲ್ಲಿ. ನಡುವೆ ಇರುವುದು ಮೂರಡಿ. ಆ ಮೂರಡಿ ದಾಟಿಸಲು ಈಗ ಎಲ್ಲೆಡೆ ಕೇಳಿಬರುವ ಮಾತು ಒಂದೇ: ‘ಈ ನಂಬರಿಗೆ ವಾಟ್ಸ್‌ಆ್ಯಪ್ ಮಾಡ್ರಿ’. ಅರ್ಧ ನಿಮಿಷದಲ್ಲಿ ಕೆಲಸ ಮುಗಿಯುತ್ತದೆ, ಯಾರಿಗೂ ಏನನ್ನೂ ಹೊಸದಾಗಿ ಕಲಿಸಬೇಕಿಲ್ಲ. ಇಷ್ಟೆಲ್ಲ ಅನುಕೂಲ ಇದ್ದರೂ ಈ ಕೆಲಸಕ್ಕೆ ಇದು ಸರಿಯಾದ ಸಾಧನವಲ್ಲ ಎನ್ನಬೇಕಾಗುತ್ತದೆ. ಫೈಲ್ ತಲುಪಿಸುವುದರಲ್ಲಿ ಅದು ಸೋಲುವುದಿಲ್ಲ. ತಲುಪಿದ ಫೈಲ್ ಆಮೇಲೆ ಎಲ್ಲಿ ಇರುತ್ತದೆ, ಯಾವ ಹೆಸರಲ್ಲಿ ಇರುತ್ತದೆ, ಎಷ್ಟು ದಿನ ಇರುತ್ತದೆ ಎಂಬ ಪ್ರಶ್ನೆಗಳಿಗೆ ಅದರಲ್ಲಿ ಉತ್ತರವೇ ಇಲ್ಲ.

ಸಾಗಿಸುವುದು ಬೇರೆ, ನಿರ್ವಹಿಸುವುದು ಬೇರೆ ಎಂಬ ವಿಂಗಡಣೆ ಮೊದಲಿನಿಂದ ಇದ್ದದ್ದಲ್ಲ. ಕಂಪ್ಯೂಟರಿನಿಂದ ಕಂಪ್ಯೂಟರಿಗೆ ಫೈಲ್ ಕಳಿಸುವ ಎಫ್‌ಟಿಪಿ ಎಂಬ ನಿಯಮಾವಳಿಯ ಮೊದಲ ಕರಡನ್ನು 1971ರ ಏಪ್ರಿಲ್‌ನಲ್ಲಿ ಬರೆದವರು ಅಭಯ್ ಭೂಷಣ್, ಕಾನ್ಪುರ ಐಐಟಿಯ ಮೊದಲ ತಂಡದ ಪದವೀಧರ. ಆಗ ಅಮೆರಿಕದ ಎಂಐಟಿಯಲ್ಲಿದ್ದರು. ಆ ಕರಡಿನಲ್ಲಿ ಫೈಲ್ ತರುವ, ಇಡುವ ಆಜ್ಞೆಗಳ ಪಕ್ಕದಲ್ಲೇ ಅಳಿಸುವ, ಹೆಸರು ಬದಲಿಸುವ ಆಜ್ಞೆಗಳೂ ಇದ್ದವು. ಇಂದಿಗೂ ಫೈಲ್‌ಜಿಲ್ಲಾದಂಥ ಎಫ್‌ಟಿಪಿ ತಂತ್ರಾಂಶ ತೆರೆದರೆ ಎಡಗಡೆ ನಮ್ಮ ಫೋಲ್ಡರುಗಳು, ಬಲಗಡೆ ಆಚೆಯ ಕಂಪ್ಯೂಟರಿನ ಫೋಲ್ಡರುಗಳು ಒಟ್ಟಿಗೇ ಕಾಣುತ್ತವೆ. ಯಾವುದು ಎಲ್ಲಿಗೆ ಹೋಯಿತು ಎಂದು ಕೇಳುವ ಪ್ರಸಂಗವೇ ಬರುವುದಿಲ್ಲ. ಫೋನು ಬಂದ ಮೇಲೆ ನಿರ್ವಹಣೆ ಎಂಬ ಆ ಎರಡನೇ ಅರ್ಧ ಪರದೆಯ ಹಿಂದೆ ಸರಿಯಿತು. ‘ಶೇರ್’ ಒತ್ತಿದರೆ ಆಯಿತು, ಫೋಲ್ಡರ್ ಎಂಬುದೊಂದು ಇದೆ ಎಂಬುದೇ ಮರೆತುಹೋಯಿತು.

ವಾಟ್ಸ್‌ಆ್ಯಪ್ ಈ ಜಾಗಕ್ಕೆ ಬಂದದ್ದು ಒಂದು ರೀತಿಯಲ್ಲಿ ಅನಿವಾರ್ಯತೆಯಿಂದ. ಅದಕ್ಕೂ ಮೊದಲು ಶೇರ್‌ಇಟ್, ಝೆಂಡರ್ ಎಂಬ ಆ್ಯಪ್‌ಗಳು ಮನೆಮಾತಾಗಿದ್ದವು. ಡೇಟಾ ಖರ್ಚಿಲ್ಲದೆ ವೈಫೈ ಮೂಲಕ ನೇರವಾಗಿ ಫೈಲ್ ದಾಟಿಸುತ್ತಿದ್ದ ಇವು ಬ್ಲೂಟೂತ್‌ಗಿಂತ ಎಷ್ಟೋ ಪಾಲು ವೇಗ. ಬ್ಲೂಟೂತ್ ಚೆನ್ನಾಗಿ ನಡೆದರೂ ಸೆಕೆಂಡಿಗೆ ಸುಮಾರು ಕಾಲು ಎಂಬಿ ಸಾಗಿಸೀತು, 5 ಎಂಬಿಯ ಫೋಟೊಗೆ ಇಪ್ಪತ್ತು ಸೆಕೆಂಡು. ವೇಗಕ್ಕೆ ಮನಸೋತ ಬಳಕೆದಾರರು ಉಳಿದದ್ದನ್ನು ನೋಡಲಿಲ್ಲ. 2019ರ ಜನವರಿಯಲ್ಲಿ ಇಎಸ್ ಫೈಲ್ ಎಕ್ಸ್‌ಪ್ಲೋರರ್ ಎಂಬ ಜನಪ್ರಿಯ ಫೈಲ್ ನಿರ್ವಹಣಾ ಆ್ಯಪ್‌ನಲ್ಲಿ ಒಂದು ದೋಷ ಬಯಲಾಯಿತು. ಅದನ್ನು ಒಮ್ಮೆ ತೆರೆದರೆ ಸಾಕು, ಅದೇ ವೈಫೈಯಲ್ಲಿರುವ ಬೇರೊಬ್ಬರು ಫೋನಿನೊಳಗಿನ ಫೈಲುಗಳನ್ನು ಎಳೆದುಕೊಳ್ಳಬಹುದಿತ್ತು. 2020ರ ಜೂನ್ 29ರಂದು ಕೇಂದ್ರ ಸರ್ಕಾರ ನಿಷೇಧಿಸಿದ 59 ಚೀನೀ ಆ್ಯಪ್‌ಗಳಲ್ಲಿ ಶೇರ್‌ಇಟ್, ಝೆಂಡರ್, ಇಎಸ್ ಫೈಲ್ ಎಕ್ಸ್‌ಪ್ಲೋರರ್ ಮೂರೂ ಇದ್ದವು. ದಾಖಲೆ ಸ್ಕ್ಯಾನ್ ಮಾಡುತ್ತಿದ್ದ ಕ್ಯಾಮ್‌ಸ್ಕ್ಯಾನರ್ ಕೂಡ. ಜನ ಮಾತನಾಡಿದ್ದು ಟಿಕ್‌ಟಾಕ್ ಬಗ್ಗೆ. ಜೆರಾಕ್ಸ್ ಅಂಗಡಿಯ ದಿನನಿತ್ಯದ ಸಲಕರಣೆಗಳೂ ಅದೇ ಪಟ್ಟಿಯಲ್ಲಿ ಹೋದವು. ತೆರವಾದ ಜಾಗದಲ್ಲಿ, ಎಲ್ಲರ ಫೋನಿನಲ್ಲೂ ಆಗಲೇ ಇದ್ದ ವಾಟ್ಸ್‌ಆ್ಯಪ್ ಕೂತಿತು.

ಕೂತ ಮೇಲೆ ಏನಾಗುತ್ತದೆ ಎಂಬುದನ್ನು ತಿಳಿಯಲು ಇಂಥ ಯಾವುದೇ ಕಂಪ್ಯೂಟರಿನ ‘ಡೌನ್‌ಲೋಡ್ಸ್’ ಫೋಲ್ಡರ್ ತೆರೆದರೆ ಸಾಕು. ಸಾಲುಸಾಲಾಗಿ ‘ವಾಟ್ಸ್‌ಆ್ಯಪ್ ಇಮೇಜ್’ ಎಂಬ ಒಂದೇ ಹೆಸರು; ಮುಂದೆ ತಾರೀಖು, ಗಂಟೆ, ನಿಮಿಷ, ಸೆಕೆಂಡು. ಯಾರ ಆಧಾರ್, ಯಾರ ಅಂಕಪಟ್ಟಿ, ಯಾರ ಪಾಸ್‌ಬುಕ್ ಎಂಬುದು ಹೆಸರಿನಿಂದ ತಿಳಿಯದು, ಒಂದೊಂದನ್ನೇ ತೆರೆದು ನೋಡಬೇಕು. ಅಪ್ಲೋಡ್ ಮಾಡುವ ಗಡಿಬಿಡಿಯಲ್ಲಿ ಅಕ್ಕನ ಅರ್ಜಿಗೆ ತಮ್ಮನ ಪ್ರಮಾಣಪತ್ರ ಸೇರಿಹೋಗಲು ಇಷ್ಟು ಸಾಕು. ಹರಪನಹಳ್ಳಿಯಲ್ಲಿ ಈ ತೊಡಕಿಗೆ ಇನ್ನೊಂದು ಸುತ್ತು ಇದೆ. ಬಳ್ಳಾರಿ ಜಿಲ್ಲೆಯಲ್ಲಿದ್ದ ತಾಲ್ಲೂಕು 1997ರಲ್ಲಿ ದಾವಣಗೆರೆಗೆ ಸೇರಿತು, 2018ರಲ್ಲಿ ಬಳ್ಳಾರಿಗೆ ಮರಳಿತು, 2021ರಲ್ಲಿ ವಿಜಯನಗರದ ಪಾಲಾಯಿತು. ಹೀಗಾಗಿ ಒಂದೇ ಮನೆಯ ದಾಖಲೆಗಳಲ್ಲಿ ಮೂರು ಜಿಲ್ಲೆಗಳ ಹೆಸರು ಕಂಡರೆ ಅಚ್ಚರಿಯಿಲ್ಲ. ಕೊಟ್ಟೂರಿನವರ ಹಳೆಯ ಕಾಗದಗಳಲ್ಲಿ ತಾಲ್ಲೂಕು ಕೂಡ್ಲಿಗಿ ಎಂದೇ ಇರುತ್ತದೆ. ಕಲ್ಯಾಣ ಕರ್ನಾಟಕದ 371(ಜೆ) ಮೀಸಲಾತಿಯ ಪ್ರಮಾಣಪತ್ರಕ್ಕೆ ಹಳೆಯ ಶಾಲಾ ದಾಖಲೆ, ವಾಸದ ದಾಖಲೆ ಹೊಂದಿಸುವವರಿಗೆ ಯಾವ ಫೈಲು ಯಾವ ಕಾಲದ್ದು ಎಂಬುದು ಸಣ್ಣ ವಿಷಯವಲ್ಲ. ಆ ಗುರುತನ್ನೆಲ್ಲ ಅಳಿಸಿ ಗಂಟೆ-ನಿಮಿಷ ಮಾತ್ರ ಉಳಿಸುವ ಸಾಧನ ಇಲ್ಲಿ ಸಹಾಯಕ್ಕಿಂತ ಹೆಚ್ಚು ಕೆಲಸ ಹಚ್ಚುತ್ತದೆ. ಗುಣಮಟ್ಟದ ಮಾತು ಬೇರೆ. ಫೋಟೊ ಎಂದು ಕಳಿಸಿದರೆ ವಾಟ್ಸ್‌ಆ್ಯಪ್ ಅದನ್ನು ಕುಗ್ಗಿಸುತ್ತದೆ. ಅರ್ಜಿಗೆ ಹೇಗೂ ಕುಗ್ಗಿಸಲೇಬೇಕಲ್ಲ ಎನ್ನಬಹುದು. ಬ್ಯಾಂಕ್ ನೇಮಕಾತಿಯ ಐಬಿಪಿಎಸ್ ಕೇಳುವ ಭಾವಚಿತ್ರ 20ರಿಂದ 50 ಕೆಬಿ ಅಷ್ಟೆ. ಮುಖಕ್ಕೆ ಅದು ನಡೆಯುತ್ತದೆ. ಜಾತಿ ಪ್ರಮಾಣಪತ್ರದ ಮೇಲಿನ ‘ಆರ್‌ಡಿ’ ಎಂದು ಶುರುವಾಗುವ ಉದ್ದ ಸಂಖ್ಯೆಗೆ ನಡೆಯುವುದಿಲ್ಲ. ಮಬ್ಬು ಬೆಳಕಿನಲ್ಲಿ ತೆಗೆದ ಚಿತ್ರ ಇನ್ನೊಮ್ಮೆ ಕುಗ್ಗಿದಾಗ 3 ಯಾವುದು, 8 ಯಾವುದು ತಿಳಿಯದೆ ಅರ್ಜಿ ಅಲ್ಲೇ ನಿಲ್ಲುತ್ತದೆ. ‘ಡಾಕ್ಯುಮೆಂಟ್’ ಎಂದು ಕಳಿಸಿದರೆ ಮೂಲದಂತೆಯೇ ಬರುತ್ತದೆ, ಹೆಸರೂ ಉಳಿಯುತ್ತದೆ. ಆ ಗುಂಡಿ ಎಷ್ಟು ಜನ ಒತ್ತುತ್ತಾರೆ ಎಂಬುದು ಬೇರೆ ಮಾತು.

ಇನ್ನು ಪ್ರತಿಗಳ ಲೆಕ್ಕ. ಗ್ರಾಹಕ ಕಳಿಸಿದ ಒಂದು ಆಧಾರ್ ಚಿತ್ರ ಅವನ ಚಾಟ್‌ನಲ್ಲಿ ಉಳಿಯುತ್ತದೆ, ಅಂಗಡಿಯ ಫೋನಿನಲ್ಲಿ ಉಳಿಯುತ್ತದೆ, ಕಂಪ್ಯೂಟರಿನ ಫೋಲ್ಡರಿನಲ್ಲಿ ಉಳಿಯುತ್ತದೆ, ಅಂಗಡಿಯ ಫೋನಿಗೆ ಬ್ಯಾಕಪ್ ಇದ್ದರೆ ಅಲ್ಲೂ ಉಳಿಯುತ್ತದೆ. ಮೂರಡಿ ದಾಟಲು ಹೊರಟದ್ದು ನಾಲ್ಕು ಕಡೆ ನೆಲೆಯಾಯಿತು, ಜತೆಗೆ ಅವನ ಮೊಬೈಲ್ ನಂಬರೂ ಅದಕ್ಕೆ ಅಂಟಿಕೊಂಡಿತು. ‘ಎಲ್ಲರಿಗೂ ಅಳಿಸು’ ಎಂಬ ಸೌಲಭ್ಯ ಎರಡು ದಿನ ಚಿಲ್ಲರೆ ಮಾತ್ರ ಸಿಗುತ್ತದೆ. ಸಿಕ್ಕರೂ ಡೌನ್‌ಲೋಡ್ ಆಗಿಹೋದ ಪ್ರತಿಯನ್ನು ಅದು ಮುಟ್ಟುವುದಿಲ್ಲ. ತಮ್ಮದೇ ವಾಟ್ಸ್‌ಆ್ಯಪನ್ನು ಅಂಗಡಿಯ ಕಂಪ್ಯೂಟರಿನಲ್ಲಿ ತೆರೆದು ಲಾಗ್ಔಟ್ ಮಾಡಲು ಮರೆತವರದು ಇನ್ನೂ ಕಷ್ಟ, ಮನೆಯ ಮಾತೆಲ್ಲ ಅಲ್ಲಿ ಬಿಚ್ಚಿಬಿದ್ದಿರುತ್ತದೆ. 2022ರ ಮೇ 27ರಂದು ಆಧಾರ್ ಪ್ರಾಧಿಕಾರದ ಬೆಂಗಳೂರು ಪ್ರಾದೇಶಿಕ ಕಚೇರಿ ಒಂದು ಪ್ರಕಟಣೆ ಹೊರಡಿಸಿತ್ತು. ಆಧಾರ್‌ನ ಜೆರಾಕ್ಸ್ ಯಾರಿಗೂ ಕೊಡಬೇಡಿ ಎಂಬ ಅದರ ಮೊದಲ ಮಾತು ಗದ್ದಲ ಎಬ್ಬಿಸಿ, ಎರಡೇ ದಿನದಲ್ಲಿ ಸರ್ಕಾರ ಇಡೀ ಪ್ರಕಟಣೆಯನ್ನೇ ಹಿಂಪಡೆಯಿತು. ಅದರೊಳಗೆ ಇನ್ನೊಂದು ಮಾತಿತ್ತು: ಇಂಟರ್‌ನೆಟ್ ಕೆಫೆಯಂಥ ಸಾರ್ವಜನಿಕ ಕಂಪ್ಯೂಟರಿನಲ್ಲಿ ಇ-ಆಧಾರ್ ಇಳಿಸಿಕೊಂಡರೆ ಆ ಪ್ರತಿಗಳನ್ನೆಲ್ಲ ಶಾಶ್ವತವಾಗಿ ಅಳಿಸಿ ಎಂಬುದು. ಗದ್ದಲದಲ್ಲಿ ಹೋಗಬಾರದಿದ್ದ ಮಾತು ಅದು. ಇ-ಆಧಾರ್‌ಗೆ ಪಾಸ್‌ವರ್ಡ್ ಇದೆಯಲ್ಲ ಎನ್ನುವವರಿದ್ದಾರೆ. ಹೆಸರಿನ ಮೊದಲ ನಾಲ್ಕು ಇಂಗ್ಲಿಷ್ ಅಕ್ಷರ, ಮುಂದೆ ಹುಟ್ಟಿದ ವರ್ಷ: ಪಕ್ಕದಲ್ಲೇ ಅದೇ ವ್ಯಕ್ತಿಯ ಅಂಕಪಟ್ಟಿ ಬಿದ್ದಿರುವಾಗ ಅದೇನು ಗುಟ್ಟು!

ಹಾಗಾದರೆ ಬೇರೆ ದಾರಿ ಇದೆಯೇ? ಇದೆ, ಅದೂ ಕಾಸಿಲ್ಲದೆ. ಗೂಗಲ್‌ನ ಕ್ವಿಕ್ ಶೇರ್ ಈಚಿನ ಆಂಡ್ರಾಯ್ಡ್ ಫೋನುಗಳಲ್ಲಿ ಮೊದಲೇ ಇರುತ್ತದೆ. ನಿಯರ್‌ಬೈ ಶೇರ್ ಎಂಬ ಹೆಸರಿದ್ದ ಕಾಲದಲ್ಲೇ, 2023ರಲ್ಲಿ, ವಿಂಡೋಸ್‌ಗೂ ಅದರ ಆವೃತ್ತಿ ಬಂದಿತು. ಲೋಕಲ್‌ಸೆಂಡ್ ಎಂಬ ಇನ್ನೊಂದು ಮುಕ್ತ ತಂತ್ರಾಂಶ ವಿಂಡೋಸ್, ಲಿನಕ್ಸ್, ಆಂಡ್ರಾಯ್ಡ್, ಐಫೋನ್ ಎಲ್ಲದರಲ್ಲೂ ನಡೆಯುತ್ತದೆ. ಫೋನು, ಕಂಪ್ಯೂಟರು ಒಂದೇ ವೈಫೈ ಅಥವಾ ಹಾಟ್‌ಸ್ಪಾಟ್‌ನಲ್ಲಿದ್ದರೆ ಆಯಿತು; ಇಂಟರ್‌ನೆಟ್ ಬೇಡ, ಖಾತೆ ಬೇಡ, ನಡುವೆ ಯಾವ ಸರ್ವರೂ ಇಲ್ಲ. ಮಳೆ-ಗಾಳಿಗೆ ನೆಟ್‌ವರ್ಕ್ ಹೋದ ದಿನವೂ ಪ್ರಿಂಟ್ ಕೆಲಸ ನಿಲ್ಲುವುದಿಲ್ಲ. ಫೈಲ್ ಕುಗ್ಗುವುದಿಲ್ಲ, ಮೂಲದ ಹೆಸರು ಬದಲಾಗುವುದಿಲ್ಲ, ಬಂದದ್ದು ಯಾವ ಫೋಲ್ಡರಿಗೆ ಬೀಳಬೇಕು ಎಂದು ಅಂಗಡಿಯವರೇ ಗೊತ್ತು ಮಾಡಬಹುದು. ಈ ಕೊನೆಯದೇ ನನಗೆ ಮುಖ್ಯವಾಗಿ ಕಾಣುವುದು. ದಿನಕ್ಕೊಂದು ಫೋಲ್ಡರ್, ಅದರಲ್ಲಿ ಗ್ರಾಹಕನ ಹೆಸರಿಗೊಂದು ಫೋಲ್ಡರ್. ಕೆಲಸ ಮುಗಿದ ಮೇಲೆ ಶಿಫ್ಟ್ ಜತೆ ಡಿಲೀಟ್ ಒತ್ತಿದರೆ ರಿಸೈಕಲ್ ಬಿನ್‌ನಲ್ಲೂ ಉಳಿಯದು. ಅಳಿಸಬೇಕಾದದ್ದು ಒಂದೇ ಕಡೆ ಇದ್ದಾಗ ಮಾತ್ರ ಅಳಿಸುವುದು ಸಾಧ್ಯ.

ಸಾಲಿನಲ್ಲಿ ಹತ್ತು ಜನ ನಿಂತಿರುವಾಗ ಹೊಸ ಆ್ಯಪ್ ಹಾಕಿಸುತ್ತ ಕೂರುವವರು ಯಾರು ಎಂಬುದು ಮೊದಲ ಆಕ್ಷೇಪ, ನ್ಯಾಯವಾದದ್ದೇ. ಕ್ವಿಕ್ ಶೇರ್‌ನಲ್ಲಿ ಗ್ರಾಹಕ ಏನನ್ನೂ ಹಾಕಿಕೊಳ್ಳಬೇಕಿಲ್ಲ, ಕಲಿಯಬೇಕಾದವರು ಅಂಗಡಿಯವರೊಬ್ಬರೇ. ಹಳೇ ಕಂಪ್ಯೂಟರುಗಳ ಆಕ್ಷೇಪ ಅದಕ್ಕಿಂತ ಗಟ್ಟಿ. ಎಷ್ಟೋ ಅಂಗಡಿಗಳ ಡೆಸ್ಕ್‌ಟಾಪ್‌ಗಳಲ್ಲಿ ಬ್ಲೂಟೂತ್ ಇಲ್ಲ, ಕ್ವಿಕ್ ಶೇರ್‌ಗೆ ಅದು ಬೇಕು. ವಿಂಡೋಸ್ 7ರಲ್ಲೇ ನಿಂತ ಯಂತ್ರಕ್ಕೆ ಈ ಆ್ಯಪ್‌ಗಳ ಹೊಸ ಆವೃತ್ತಿಗಳು ಒಗ್ಗುವುದಿಲ್ಲ. ಅಲ್ಲಿ ಯುಎಸ್‌ಬಿ ಕೇಬಲ್ಲೇ ಗತಿ. ನೋಡಲು ಹಳೇ ಕಾಲದ್ದಾದರೂ ಅದು ಈ ಪರೀಕ್ಷೆಗಳನ್ನೆಲ್ಲ ಪಾಸಾಗುತ್ತದೆ. ಜನರೇ ಅಜಾಗರೂಕರು, ಆ್ಯಪ್ ಏನು ಮಾಡೀತು ಎನ್ನುವ ವಾದವೊಂದಿದೆ, ಅದನ್ನು ಒಪ್ಪಲಾರೆ. ಏನೂ ಮಾಡದೆ ಬಿಟ್ಟರೆ ಎಲ್ಲವನ್ನೂ ಉಳಿಸಿಕೊಳ್ಳುವಂತೆ ಕಟ್ಟಿದ ಸಾಧನವನ್ನು ಕೈಗಿಟ್ಟು, ಅಳಿಸಲಿಲ್ಲವೆಂದು ಬಳಸುವವರನ್ನು ಬೈಯುವುದು ತಲೆಕೆಳಗಾದ ನ್ಯಾಯ.

ಯಾವ ಆ್ಯಪ್ ಕೂಡ ಸರಿಪಡಿಸಲಾರದ ಒಂದು ಪಾಡೂ ಇದೆ. ಕೋರ್ಟು, ಕಚೇರಿಗಳ ಸುತ್ತಲಿನ ಡಿಟಿಪಿಯವರು ಹಳೆಯ ನುಡಿ ಫಾಂಟ್‌ನಲ್ಲಿ ಟೈಪಿಸಿದ ಅರ್ಜಿಯನ್ನು ವರ್ಡ್ ಫೈಲಾಗಿಯೇ ಫೋನಿಗೆ ಕಳಿಸಿದರೆ ತೆರೆದಾಗ ಕಾಣುವುದು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ. ಫೈಲ್ ಒಂದು ಬೈಟೂ ತಪ್ಪದೆ ತಲುಪಿರುತ್ತದೆ, ಕನ್ನಡ ಮಾತ್ರ ದಾರಿಯಲ್ಲೇ ಉಳಿದಿರುತ್ತದೆ. ತಮ್ಮ ಹೆಸರಿನ ಅರ್ಧವನ್ನು ಇಂಗ್ಲಿಷ್ ಅಕ್ಷರದಲ್ಲೇ ಬರೆದುಕೊಂಡ ಹರಪನಹಳ್ಳಿಯ ಹಾಸ್ಯಲೇಖಕ ಬೀಚಿ ಇದ್ದಿದ್ದರೆ ಈ ಬೆರಕೆಯನ್ನು ಸುಮ್ಮನೆ ಬಿಡುತ್ತಿರಲಿಲ್ಲ. ಯೂನಿಕೋಡ್‌ನಲ್ಲಿ ಟೈಪಿಸುವುದು, ಇಲ್ಲವೇ ಪಿಡಿಎಫ್ ಮಾಡಿ ಕಳಿಸುವುದು, ಇದಕ್ಕೆ ಇರುವ ಮದ್ದು ಅಷ್ಟೇ.

ಉಳಿದದ್ದು ಅಂಗಡಿಯವರ ಕಡೆಯ ಮಾತು, ಇದಕ್ಕೇ ಹೆಚ್ಚು ತೂಕ. ಫೈಲುಗಳನ್ನು ಅವರು ಕದಿಯಲೆಂದು ಇಟ್ಟುಕೊಳ್ಳುವುದಿಲ್ಲ. ‘ಹೋದ ತಿಂಗಳು ಕೊಟ್ಟಿದ್ನಲ್ಲ, ಅದನ್ನೇ ಹಾಕ್ರಿ’ ಎಂದು ಬರುವ ಗ್ರಾಹಕನಿಗಾಗಿ ಇಟ್ಟಿರುತ್ತಾರೆ. ಫೋನು ಕಳೆದುಕೊಂಡವರಿಗೆ, ಓದಲು ಬಾರದವರಿಗೆ ಆ ಅಂಗಡಿಯೇ ದಾಖಲೆಗಳ ಪೆಟ್ಟಿಗೆ. ಆ ಸೇವೆಯನ್ನು ಅಳಿಸಿಹಾಕಿ ಎನ್ನುವುದು ಪಟ್ಟಣದಲ್ಲಿ ಕೂತು ಹೇಳುವ ಮಾತಾದೀತು. ಆದರೆ ಕ್ವಿಕ್ ಶೇರ್, ಲೋಕಲ್‌ಸೆಂಡ್ ಆ್ಯಪ್‌ಗಳು ಎರಡೂ ದಿಕ್ಕಿಗೆ ಕೆಲಸ ಮಾಡುತ್ತವೆ. ಸ್ಕ್ಯಾನ್ ಮಾಡಿದ ಪ್ರಮಾಣಪತ್ರ, ಅರ್ಜಿಯ ಸ್ವೀಕೃತಿ, ಅಳತೆಗೆ ಕುಗ್ಗಿಸಿದ ಫೋಟೊ ಎಲ್ಲವನ್ನೂ ಹೆಸರಿಟ್ಟು ಗ್ರಾಹಕನ ಫೋನಿಗೇ ಮರಳಿ ಕಳಿಸಿದರೆ, ಮುಂದಿನ ಸಲ ಅವನು ತರುವುದು ಸಿದ್ಧ ಫೈಲನ್ನೇ. ಜಾತಿ ಪ್ರಮಾಣಪತ್ರ, ಊರು, ವರ್ಷ ಎಂದು ಫೈಲಿಗೆ ಹೆಸರು ಹಾಕಲು ಹಿಡಿಯುವುದು ಹತ್ತು ಸೆಕೆಂಡು. ಪ್ರಿಂಟಿಗೆ, ಸ್ಕ್ಯಾನಿಗೆ ದರಪಟ್ಟಿ ಹಾಕುವ ಅಂಗಡಿ ಈ ಹತ್ತು ಸೆಕೆಂಡಿಗೂ ಎರಡು ರೂಪಾಯಿ ಕೇಳಿದರೆ ತಪ್ಪೇನಿಲ್ಲ.