ಹೆಸರುಗಳು ರಂಗವನ್ನೇರಿದಾಗ

ಹೆಸರು ಮರೆತ ವಸ್ತು ಕ್ರಮೇಣ ಕಣ್ಣಿಗೂ ಮರೆಯಾಗುತ್ತದೆ. 2007ರಲ್ಲಿ ಇಂಗ್ಲೆಂಡಿನ ಆಕ್ಸ್‌ಫರ್ಡ್ ಕಿರಿಯರ ನಿಘಂಟು ಮಿಂಚುಳ್ಳಿ, ನೀರುನಾಯಿ ಮೊದಲಾದ ನಿಸರ್ಗದ ಪದಗಳನ್ನು ಕೈಬಿಟ್ಟು, ಬ್ರಾಡ್‌ಬ್ಯಾಂಡ್‌ನಂತಹ ನೂತನ ಪದಗಳಿಗೆ ಎಡೆಗೊಟ್ಟಿತು. ಇದಕ್ಕೆ ಉತ್ತರವೆಂಬಂತೆ 2017ರಲ್ಲಿ ರಾಬರ್ಟ್ ಮ್ಯಾಕ್‌ಫರ್ಲೇನ್ ಅವರ ಪದ್ಯಗಳೂ ಜ್ಯಾಕಿ ಮಾರಿಸ್ ಅವರ ವರ್ಣಚಿತ್ರಗಳೂ ಕೂಡಿ ‘ಕಳೆದುಹೋದ ಪದಗಳು’ ಎಂಬರ್ಥದ ‘ದಿ ಲಾಸ್ಟ್ ವರ್ಡ್ಸ್’ ಗ್ರಂಥವು ಹೊರಬಂದಿತು. ಬ್ರಿಟನ್ನಿನ ಅನೇಕ ಶಾಲೆಗಳ ಮಕ್ಕಳು ಅದನ್ನು ಹಾಡು, ಕುಣಿತಗಳ ರೂಪಕವಾಗಿ ಪ್ರದರ್ಶಿಸಿದರು.

ಆ ಪದ್ಯಗಳು ಗಟ್ಟಿಯಾಗಿ ಉಚ್ಚರಿಸಲೆಂದೇ ರಚಿತವಾದ ಮಂತ್ರಗಳಂತಿವೆ. ಮೊದಲಕ್ಷರಗಳನ್ನು ಕ್ರಮವಾಗಿ ಕೂಡಿಸಿದರೆ ಆಯಾ ಜೀವಿಯ ಹೆಸರು ಮೂಡುತ್ತದೆ. ಒಬ್ಬೊಬ್ಬ ಬಾಲಕನು ಒಂದೊಂದು ಅಕ್ಷರವಾಗಿ ನಿಂತರೆ ಸಭೆಯೆದುರಿನಲ್ಲಿಯೇ ಹೆಸರು ಮರುಹುಟ್ಟು ಪಡೆಯುತ್ತದೆ. ನೀರುನಾಯಿಯ ಪಾತ್ರ ವಹಿಸುವ ಬಾಲಕಿ ಅದು ಈಜುವ, ಹೊರಳುವ ಬಗೆಯನ್ನು ಅರಿಯಲೇಬೇಕು. ಹೀಗೆ ಕಂಠಪಾಠವು ಅವಲೋಕನವಾಗುತ್ತದೆ, ಅವಲೋಕನವು ಅಕ್ಕರೆಯಾಗುತ್ತದೆ.

ನಮ್ಮ ತುಂಗಭದ್ರೆಯಲ್ಲಿಯೂ ನೀರುನಾಯಿಗಳಿವೆ. 2015ರಲ್ಲಿ ಆ ನದಿಯ ಒಂದು ಭಾಗವು ಅವುಗಳ ಸಂರಕ್ಷಣೆಗೆಂದೇ ಮೀಸಲಾಯಿತು. ತುಂಬೆ, ಲಕ್ಕಿ, ಗೀಜಗ ಎಂಬ ಹೆಸರುಗಳು ನಮ್ಮ ಮಕ್ಕಳ ನಾಲಗೆಯಿಂದಲೂ ಜಾರುತ್ತಿರುವಾಗ, ಅವುಗಳನ್ನು ರಂಗಕ್ಕೆ ತರುವುದು ಬರಿಯ ಮನರಂಜನೆಯಲ್ಲ. ನುಡಿಯು ನಡೆಯಾಗಬೇಕೆಂಬುದು ಶರಣರ ಬೋಧೆ. ಹೆಸರನ್ನು ನುಡಿದ ಮಗುವೇ ನಾಳೆ ಆ ಜೀವವನ್ನು ಕಾಯಬೇಕಾಗಿದೆ.